ಗೇಟು ಪಕ್ಕೀರಪ್ಪನ ಐವತ್ತೊಂದು ಪುಸ್ತಕ

ಸಿಟ್ಟಿಗೆ ಲೆಕ್ಕ ಬರುವುದಿಲ್ಲ. ಬಂದಿದ್ದರೆ ಪಕ್ಕೀರಪ್ಪ ಅಂದು ಐದು ಎಂದು ನಿಲ್ಲಿಸುತ್ತಿದ್ದ. ಅವನು ಐವತ್ತು ಎಂದುಬಿಟ್ಟ, ಅದೂ ಹೋಳಿಗೆ ಬಾಯಲ್ಲಿಟ್ಟುಕೊಂಡು, ಹೆಂಡತಿಯ ತವರಿನ ಪಂಕ್ತಿಯಲ್ಲಿ ಕೂತು, ಎಪ್ಪತ್ತು ಜನರ ಮುಂದೆ.

ಎಂಬತ್ತೊಂದನೇ ಇಸವಿಯ ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಕೂಡ್ಲಿಗಿಯಲ್ಲಿ ಅವನ ಹೆಂಡತಿ ಬಸಲಿಂಗಮ್ಮನ ತಮ್ಮ ನಾಗೇಂದ್ರಪ್ಪನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಾಗೇಂದ್ರಪ್ಪ ಸರ್ಕಾರಿ ಗುಮಾಸ್ತ. ಜೇಬಿನಲ್ಲಿ ಎರಡು ಪೆನ್ನು ಇಟ್ಟವನು, ಒಂದರಲ್ಲಿ ಶಾಯಿಯೂ ಇರುತ್ತಿತ್ತು. ಪಂಕ್ತಿಯಲ್ಲಿ ಕೂತು ಪೇಪರಿನ ಯಾವುದೋ ಸುದ್ದಿಯನ್ನು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ. ಪಕ್ಕೀರಪ್ಪ ನಡುವೆ, “ಹಂಗಂದ್ರ ಏನೋ ನಾಗೇಂದ್ರ?” ಎಂದು ಕೇಳಿದ. ಕೇಳಬಾರದಿತ್ತು.

“ಬಿಡ್ರಿ ಗೇಟು ಮಾವ, ಇದೆಲ್ಲ ನಿಮಗ ತಿಳಿಯಂಗಿಲ್ಲ. ನೀವು ಕೆಂಪು, ಹಸರು, ಎರಡು ಬಣ್ಣ ಓದಿದ್ರ ಸಾಕು.”

ಪಂಕ್ತಿ ಪೂರಾ ನಕ್ಕಿತು. ಬಡಿಸುವವರು ಸೌಟು ಹಿಡಿದು ನಿಂತು ನಕ್ಕರು. ಪಕ್ಕೀರಪ್ಪ ಕೊಟ್ಟೂರಿನ ಹೊರಗೆ ರೈಲ್ವೆ ಗೇಟು ಕಾಯುವವನೆಂಬುದು ನಿಜ. ದಿನಕ್ಕೆ ಬೆರಳೆಣಿಕೆಯ ಪ್ಯಾಸೆಂಜರು, ಅದಕ್ಕೆ ಮನಸ್ಸು ಬಂದರೆ ಒಂದು ಗೂಡ್ಸು, ಇಷ್ಟಕ್ಕೆ ಗೇಟು ಹಾಕಿ ತೆಗೆಯುವುದು ಅವನ ನೌಕರಿ. ಆದರೆ ಕೆಲಸ ಕೈಗಂಟಿದರೆ ಸಾಕು, ಹೆಸರಿಗೂ ಅಂಟಬೇಕೇನು? ಹತ್ತು ವರ್ಷದಿಂದ ನಾಗೇಂದ್ರಪ್ಪ ಅವನನ್ನು ಗೇಟು ಮಾವ ಎಂದೇ ಕರೆಯುತ್ತಿದ್ದ, ಬೀಗರೂ ಅದನ್ನೇ ಕಲಿತಿದ್ದರು.

“ವರ್ಷಕ್ಕ ಐವತ್ತು ಪುಸ್ತಕ ಓದ್ತೀನಿ ನಾನು,” ಎಂದ ಪಕ್ಕೀರಪ್ಪ.

“ಯಾವ ಪುಸ್ತಕ? ರೈಲಿನ ಟೈಮಿನ ಪುಸ್ತಕನ?”

“ಕತಿ ಪುಸ್ತಕ. ದಪ್ಪನ್ನವು.”

“ಹಂಗಾರ ಮಾತು ಕೊಡ್ರಿ. ಬರೋ ವರ್ಷ ಇಷ್ಟೊತ್ತಿಗೆ ಐವತ್ತು ಓದಿ, ನಾಕು ಮಂದಿ ಮುಂದ ನಿಂತು ಅದರಾಗ ಏನೈತಿ ಅಂತ ಹೇಳ್ರಿ. ಹೇಳಿದ್ರ ಅವತ್ತಿಂದ ಗೇಟು ಅನ್ನೋ ಮಾತು ನನ್ನ ಬಾಯಾಗ ಬರಂಗಿಲ್ಲ. ಹೇಳದಿದ್ರ, ತೊಟ್ಲಾಗ ಮಲಗೈತಲ್ಲ, ಇದಕ್ಕ ಮೊದಲನೇ ಮಾತು ‘ಗೇಟು ಮಾಮ’ ಅಂತನ ಕಲಸ್ತೀನಿ.”

ಪಕ್ಕೀರಪ್ಪ ತೊಟ್ಟಿಲ ಕಡೆ ನೋಡಿದ. ಕೂಸು ಆಗಲೇ ತುಟಿ ಅಲ್ಲಾಡಿಸುತ್ತಿತ್ತು. ಅವನು ಮಾತು ಕೊಟ್ಟ.

ಕೊಟ್ಟೂರಿನ ಸಂತೆ ಬೀದಿಯಲ್ಲಿ ವಾಚನ ಸಂಘದ್ದೊಂದು ಸಣ್ಣ ಲೈಬ್ರರಿ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅನ್ನದಾನಮ್ಮ ಎಂಬ ಶಿಸ್ತಿನ ಹೆಂಗಸು. ಮಂದಿ ಅಲ್ಲಿಗೆ ಪೇಪರು ಓದಲು ಬರುತ್ತಿದ್ದರು, ಬಿಸಿಲು ತಪ್ಪಿಸಿಕೊಳ್ಳಲು ಬರುತ್ತಿದ್ದರು. ಪುಸ್ತಕ ಕೇಳಿ ಬಂದವನೆಂದರೆ ಪಕ್ಕೀರಪ್ಪ. ಅನ್ನದಾನಮ್ಮನವರಿಗೆ ಎಷ್ಟು ಆನಂದವಾಯಿತೆಂದರೆ ಎದ್ದು ನಿಂತು ಕಾರ್ಡು ಬರೆದರು. ಪುಸ್ತಕಗಳೂ ಆಗಷ್ಟೇ ಬೈಂಡಾಗಿ ಬಂದಿದ್ದವು. ದಲ್ಲಾಳಿಗಳ ಅಡತಿ ಅಂಗಡಿಯ ಖಾತೆ ಪುಸ್ತಕಗಳ ಹಾಗೆ ಕೆಂಪು ಬಟ್ಟೆಯ ಹೊದಿಕೆ, ಎಲ್ಲವೂ ಒಂದೇ ಎತ್ತರ, ಒಂದೇ ದಪ್ಪ. ನೋಡಿದರೆ ಓದುವುದಿರಲಿ, ಕೈಮುಗಿಯಬೇಕು ಅನಿಸುತ್ತಿತ್ತು.

ಮೊದಲು ಸಿಕ್ಕಿದ್ದು ಪ್ರೇಮದ ಕಾದಂಬರಿ. ಪಕ್ಕೀರಪ್ಪ ಗೇಟಿನ ಪಕ್ಕದ ಗುಡಿಸಲಿನಲ್ಲಿ ಕೂತು, ಬೆರಳಿಟ್ಟು, ಒಂದಕ್ಷರ ಬಿಡದೆ ಓದಿದ. ನೂರ ನಾಲ್ಕನೇ ಪುಟದ ಕೊನೆಯಲ್ಲಿ ನಾಯಕ ಬೇವಿನ ಮರದ ಕೆಳಗೆ ನಾಯಕಿಯ ಕೈ ಹಿಡಿದು, ಅವಳ ಕಿವಿಯ ಬಳಿ ಬಾಗಿ, ಮೆಲ್ಲಗೆ ಹೇಳಿದ. ಏನು ಹೇಳಿದ? ಪಕ್ಕೀರಪ್ಪ ಹಾಳೆ ತಿರುವಿದ. “ಎಕರೆಗೆ ಎಂಟು ಗಾಡಿ ಕೊಟ್ಟಿಗೆ ಗೊಬ್ಬರ ಹಾಕತಕ್ಕದ್ದು.”

ಅಲ್ಲಿಂದ ಮುಂದೆ ಪುಸ್ತಕ ಮುಗಿಯುವವರೆಗೆ ಜೋಳದ ಬೇಸಾಯ. ಬೇರೆ ಯಾರಾದರೂ ಆಗಿದ್ದರೆ ಅನುಮಾನ ಪಡುತ್ತಿದ್ದರು. ಪಕ್ಕೀರಪ್ಪನಿಗೆ ಅಚ್ಚಾದ ಅಕ್ಷರದ ಮೇಲೆ ಅನುಮಾನ ಪಡುವ ಅಭ್ಯಾಸವಿರಲಿಲ್ಲ. ಅವನು ಅನುಮಾನಪಟ್ಟದ್ದು ತನ್ನ ಬುದ್ಧಿಯ ಮೇಲೆ. ಮೂರು ಸಲ ಓದಿ ಕೊನೆಗೆ ಅರ್ಥ ಮಾಡಿಕೊಂಡ: ಹುಡುಗ ಸಂಸಾರಸ್ಥ. ಬಣ್ಣದ ಮಾತಾಡಿ ಹುಡುಗಿಯನ್ನು ಕೆಡಿಸುವವನಲ್ಲ. ಮೊದಲು ಹೊಲ, ಆಮೇಲೆ ಮದುವೆ. ಕೊನೆಯ ಪುಟದಲ್ಲಿ ಎಕರೆಗೆ ಒಂಬತ್ತು ಚೀಲ ಇಳುವರಿ ಬಂದಾಗ ಪಕ್ಕೀರಪ್ಪನ ಕಣ್ಣು ಒದ್ದೆಯಾದವು.

ಎರಡನೆಯದು, ಮೂರನೆಯದು, ಹತ್ತನೆಯದು, ಎಲ್ಲವೂ ಹೀಗೆಯೇ. ಕಾಶಿಗೆ ಹೊರಟವರು ನಡುವೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ರಾಜನೊಬ್ಬ ಸಿಂಹಾಸನವೇರಿದವನೇ ಹಲ್ಲು ಉಜ್ಜುವ ಕ್ರಮವನ್ನು ಹನ್ನೆರಡು ಪುಟ ಬೋಧಿಸಿದ. ರೈಲು ಹಳಿ ಬದಲಿಸುವುದನ್ನು ದಿನಾ ಕಂಡವನಿಗೆ ಇದೇನು ದೊಡ್ಡದಲ್ಲ. ನಡುದಾರಿಯಲ್ಲಿ ಹಳಿ ಬದಲಿಸುವುದೇ ದೊಡ್ಡ ಬರಹಗಾರರ ಗುಟ್ಟು, ಹಿಂದಿನದನ್ನೂ ಮುಂದಿನದನ್ನೂ ಕೊಂಡಿ ಹಾಕುವುದು ಓದುವವನ ಕೆಲಸ ಎಂದು ಅವನು ನಿರ್ಧರಿಸಿಬಿಟ್ಟ. ನಮ್ಮ ದೊಡ್ಡ ವಿಮರ್ಶಕರು ಇಷ್ಟು ಹೇಳಲು ಮುನ್ನೂರು ಪುಟ ತೆಗೆದುಕೊಳ್ಳುತ್ತಾರೆ.

ಬೇಸಿಗೆಯ ಹೊತ್ತಿಗೆ ಸಿಕ್ಕಿದ್ದು ‘ಸತ್ತ ಗೌಡನ ವಾಡೆ’ ಎಂಬ ಪತ್ತೇದಾರಿ ಕಾದಂಬರಿ. ಗೌಡ ಕಾಣೆಯಾಗಿದ್ದಾನೆ, ಅವನ ಮಂಚದ ಮೇಲೆ ರಕ್ತ, ಒಳಕೋಣೆಯ ಬಾಗಿಲು ಒಳಗಿಂದ ಅಗಳಿ ಹಾಕಿದೆ. ಪತ್ತೇದಾರ ವಜ್ರಕಾಂತ ಬಾಗಿಲನ್ನು ಒದ್ದು ಒಳಗೆ ನುಗ್ಗುತ್ತಾನೆ. ಪುಟ ತೊಂಬತ್ತಾರು ಮುಗಿಯುವುದು ಹೀಗೆ: “ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು”. ಹಾಳೆ ತಿರುವಿದರೆ: “ಹೊಟ್ಟೆ ಉಬ್ಬಿದ ಎತ್ತು. ಇಂಥ ಎತ್ತಿಗೆ ಕೂಡಲೇ ಇಂಗು, ಓಮ ಕುಟ್ಟಿ ಎಣ್ಣೆಯಲ್ಲಿ ಕಲಸಿ ಕುಡಿಸಬೇಕು.”

ಇದನ್ನು ಓದಿದ ದಿನ ಗೇಟಿನ ಹೊರಗೆ ಶೇಂಗಾ ಗಾಡಿಗಳು ನಿಂತಿದ್ದವು. ಪಕ್ಕೀರಪ್ಪನಿಗೆ ತಡೆಯಲಾಗಲಿಲ್ಲ, ಗಾಡಿಯವರಿಗೆ ಕತೆ ಹೇಳಿದ. ಉಪ್ಪು ಖಾರ ತಾನೇ ಹಚ್ಚಿದ: ಕೊಲೆಗಾರ ಪತ್ತೇದಾರನ ಗಮನ ತಪ್ಪಿಸಲು ಎತ್ತಿಗೆ ಏನೋ ತಿನ್ನಿಸಿದ್ದಾನೆ, ವಜ್ರಕಾಂತ, ಕೊಲೆಗಾರ ಹಾಳಾಗಿ ಹೋಗಲಿ, ಮೂಕಪ್ರಾಣಿ ಮೊದಲು ಬದುಕಲಿ ಎಂದು ತೋಳು ಮೇಲೇರಿಸಿದ್ದಾನೆ. ರೈಲು ಬಂತು, ಹೋಯಿತು. ಗೇಟು ತೆರೆಯಿತು. ಒಂದು ಗಾಡಿಯೂ ಅಲ್ಲಾಡಲಿಲ್ಲ. ಹಿಂದೆ ನಿಂತ ಬಸ್ಸಿನ ಕಂಡಕ್ಟರು ಬೈಯಲು ಇಳಿದು ಬಂದವನು, “ಎತ್ತು ಉಳೀತೇನ್ರಿ?” ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತ.

“ಅವನೇನು ಮನಷ್ಯಾನಪ್ಪ,” ಎಂದ ಗಾಡಿಯ ಎರ್ರೆಪ್ಪ, ವಜ್ರಕಾಂತನ ಬಗ್ಗೆ. “ಹೆಣ ಬಿಟ್ಟು ಎತ್ತು ಹಿಡದ್ನಲ್ಲ.”

ಎಂಟು ದಿನಕ್ಕೆ ಎರ್ರೆಪ್ಪನದೇ ಎತ್ತಿಗೆ ಹೊಟ್ಟೆ ಉಬ್ಬಿತು. ಅವನು ಇಂಗು, ಓಮ, ಎಣ್ಣೆ ಕುಡಿಸಿದ. ಎತ್ತು ಉಳಿಯಿತು. ಮರುದಿನ ಎರಡು ತೆಂಗಿನಕಾಯಿ ಹಿಡಿದು ಗೇಟಿಗೆ ಬಂದ.

“ಒಂದು ನಿಮಗ, ಒಂದು ವಜ್ರಕಾಂತಪ್ಪಾರಿಗೆ. ಅವರು ಯಾವ ಊರಿನ ದನದ ದವಾಖಾನ್ಯಾಗ ಅದಾರ್ರಿ?”

“ಅವರು ಡಾಕ್ಟ್ರಲ್ಲೋ, ಪತ್ತೇದಾರ್ರು.”

“ರೋಗ ಪತ್ತಿ ಮಾಡೋದು ಸಣ್ಣದೇನ್ರಿ?” ಎಂದ ಎರ್ರೆಪ್ಪ. ಪಕ್ಕೀರಪ್ಪ ಎರಡೂ ಕಾಯಿ ಇಟ್ಟುಕೊಂಡ.

ಸುದ್ದಿ ಹರಪನಹಳ್ಳಿಯ ಸಂತೆಯವರೆಗೂ ಹೋಯಿತು. ಕೊಟ್ಟೂರಿನ ಗೇಟಿನಲ್ಲಿ ಒಬ್ಬ ಓದಿದವನಿದ್ದಾನೆ, ಕತೆ ಕೇಳಿದರೆ ದನ ಹುಷಾರಾಗುತ್ತವೆ. ಗೇಟು ತೆರೆದಿದ್ದಾಗಲೂ ಮಂದಿ ಬಂದು, “ಸ್ವಲ್ಪ ಹಾಕ್ರಿ, ಕತಿ ಕೇಳೂಣು,” ಅನ್ನತೊಡಗಿದರು.

ನವೆಂಬರಿನ ಲೈಬ್ರರಿ ವಾರ ಬಂತು. ಅನ್ನದಾನಮ್ಮ ರಿಜಿಸ್ಟರು ಎಣಿಸಿದರು. ಊರಿಗೆ ಊರೇ ಸೇರಿ ಒಯ್ದ ಪುಸ್ತಕ ಒಂಬತ್ತು. ಪಕ್ಕೀರಪ್ಪನ ಕಾರ್ಡಿನಲ್ಲಿ ಐವತ್ತೊಂದು. ಅವನಿಗೆ ಸನ್ಮಾನವೆಂದೂ, ಅವನು ‘ನನ್ನ ಒಂದು ವರ್ಷದ ಓದು’ ಎಂದು ಮಾತಾಡಬೇಕೆಂದೂ ತೀರ್ಮಾನವಾಯಿತು. ಪಕ್ಕೀರಪ್ಪ ಕೂಡ್ಲಿಗಿಗೆ ಕಾಗದ ಬರೆಸಲಿಲ್ಲ, ತಾನೇ ಬರೆದ: ನಾಕು ಮಂದಿ ಅಂದಿದ್ದಿ, ನೂರು ಮಂದಿ ಸೇರ್ತಾರ, ಬಾ.

ಸಭೆಗೆ ಅಧ್ಯಕ್ಷರು ನಿವೃತ್ತ ಹೆಡ್ಮಾಸ್ತರು ಪಾಲಾಕ್ಷಪ್ಪನವರು. ಆ ಲೈಬ್ರರಿಯಲ್ಲಿ ತಾವು ಓದದ ಪುಸ್ತಕವಿಲ್ಲ ಎಂದು ಅವರು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಅಷ್ಟು ವರ್ಷ ಒಂದೇ ಮಾತನ್ನು ಹೇಳಿದರೆ ಹೇಳಿದವರಿಗೇ ಅದು ನಿಜವಾಗುತ್ತದೆ. ಮುಂದಿನ ಸಾಲಿನಲ್ಲಿ ನಾಗೇಂದ್ರಪ್ಪ, ಎರಡು ಪೆನ್ನಿನ ಸಮೇತ. ಅವನ ಹಿಂದೆ ಎರ್ರೆಪ್ಪ ಮತ್ತು ಗಾಡಿಯವರು. ಹೆಂಗಸರ ಕಡೆ ಚಾಪೆಯ ಮೇಲೆ ಬಸಲಿಂಗಮ್ಮ.

ಪಕ್ಕೀರಪ್ಪ ಶಾಲು ಹೊದ್ದು ಎದ್ದು ನಿಂತ. ವಜ್ರಕಾಂತನ ಹೆಸರು ಬಂದದ್ದೇ ದನಿ ಏರಿತು. ರಕ್ತ ಹೇಳಿದ, ಅಗಳಿ ಹೇಳಿದ, ಬಾಗಿಲು ಒದೆಯುವಾಗ ಮೇಜನ್ನೇ ಒದ್ದ. ಎತ್ತು ಬಂದಾಗ ಗಾಡಿಯವರು ಚಪ್ಪಾಳೆ ತಟ್ಟಿದರು.

ನಾಗೇಂದ್ರಪ್ಪ ಎದ್ದ. “ಅಧ್ಯಕ್ಷರ, ಒಂದು ಮಾತು. ಪತ್ತೇದಾರಿ ಕಾದಂಬರ್ಯಾಗ ಎತ್ತಿಗೆ ಇಂಗು ಕುಡಸ್ತಾರೇನ್ರಿ? ನಮ್ಮ ಗೇಟು ಮಾವ ಓದಿಲ್ಲ, ಕಟ್ಟಿ ಹೇಳಾಕ ಹತ್ತ್ಯಾರ.”

ಪಾಲಾಕ್ಷಪ್ಪನವರು ಅಲ್ಲಿಯವರೆಗೆ ಎತ್ತಿಗೂ ಇಂಗಿಗೂ ತಲೆದೂಗಿ ಕೂತಿದ್ದರು. ಈಗ ಹಿಂದೆ ಸರಿಯುವುದು ಹೇಗೆ? “ಕೂಡಪ್ಪ ತಮ್ಮಾ,” ಎಂದರು ಗಂಭೀರವಾಗಿ. “ಆ ಪುಸ್ತಕ ನಾನು ಎರಡು ಸಲ ಓದೀನಿ. ಎತ್ತು ಐತಿ. ಆ ಕಾದಂಬರಿಯ ಜೀವ ಅಂದ್ರ ಆ ಎತ್ತು.”

“ಹಂಗಾರ ಪುಸ್ತಕ ತರ್ರಿ.”

ಅನ್ನದಾನಮ್ಮ ತಂದರು. ಪಾಲಾಕ್ಷಪ್ಪನವರು ಕನ್ನಡಕ ಏರಿಸಿ, ಒಳಗೊಳಗೆ ಮನೆದೇವರನ್ನು ನೆನೆದು, ಗಟ್ಟಿಯಾಗಿ ಓದಿದರು. ಬಾಗಿಲು ಒದ್ದ. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು. ಹಾಳೆ ತಿರುವಿದರು. ಹೊಟ್ಟೆ ಉಬ್ಬಿದ ಎತ್ತು.

ಸಭೆ ಕೇಕೆ ಹಾಕಿತು. ಎರ್ರೆಪ್ಪ ಟವೆಲು ತಿರುಗಿಸಿದ. ನಾಗೇಂದ್ರಪ್ಪ ಬೆಪ್ಪಾಗಿ ಕುರ್ಚಿ ಹುಡುಕಿಕೊಂಡ. ಪಕ್ಕೀರಪ್ಪನ ಹತ್ತು ವರ್ಷದ ಗೇಟು ಆ ಕ್ಷಣಕ್ಕೆ ಕಳಚಿಬಿತ್ತು. ಪಾಲಾಕ್ಷಪ್ಪನವರು ಅಲ್ಲಿಗೇ ಪುಸ್ತಕ ಮುಚ್ಚಬೇಕಿತ್ತು. ಆದರೆ ಗೆದ್ದ ಮಾಸ್ತರರು ಪಾಠ ನಿಲ್ಲಿಸಿದ್ದನ್ನು ಯಾರು ಕಂಡಿದ್ದಾರೆ? ಮುಂದೆ ಓದಿದರು: “ಅಧ್ಯಾಯ ಏಳು. ಆಕಳು ಕರು ಹಾಕುವಾಗ ವಹಿಸಬೇಕಾದ ಎಚ್ಚರಿಕೆ.” ದನಿ ಸಣ್ಣದಾಯಿತು. ಕನ್ನಡಕ ಒರೆಸಿ ಪುಟದ ಅಂಕಿ ನೋಡಿದರು. ತೊಂಬತ್ತಾರರ ಮುಂದೆ ನಲವತ್ತೊಂದು.

“ಅನ್ನದಾನಮ್ಮ, ಇದನ್ನ ಬೈಂಡ್ ಮಾಡಿದೋರು ಯಾರು?”

ಬೈಂಡು ಮಾಡಿದ ಗಾಳೆಪ್ಪ ಬಾಗಿಲ ಬಳಿಯೇ ನಿಂತಿದ್ದ. ಊರಿನ ಅಡತಿ ಅಂಗಡಿಗಳಿಗೆಲ್ಲ ದೀಪಾವಳಿಯ ಹೊಸ ಖಾತೆ ಪುಸ್ತಕ ಹೊಲಿದುಕೊಡುವವನು ಅವನೇ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಓದು ಮಾತ್ರ ಬರುತ್ತಿರಲಿಲ್ಲ, ಖಾಲಿ ಹಾಳೆ ಹೊಲಿಯುವವನಿಗೆ ಅದು ಬೇಕಾಗಿಯೂ ಇರಲಿಲ್ಲ.

“ನಾನ ಮಾಡೀನ್ರಿ,” ಎಂದ ಹೆಮ್ಮೆಯಿಂದ. “ಹರಿದು ಚಿಂದ್ಯಾಗಿ ಬಂದಿದ್ವು. ಕೆಲವು ತೆಳ್ಳಗ, ಕೆಲವು ದಪ್ಪ. ಅಕ್ಕಾರು, ಕಪಾಟಿನಾಗ ಎಲ್ಲಾ ಒಂದ ಸಮ ಕಾಣಬೇಕು ಗಾಳೆಪ್ಪ ಅಂದಿದ್ರು. ದಪ್ಪಿದ್ದುದರಾಗ ತಗದು ತೆಳ್ಳನ್ನವಕ್ಕ ಹಾಕಿ ಹೊಲದೀನಿ. ಒಂದು ಎಳಿ ಬಿಚ್ಚೇತೇನು ಕೇಳ್ರಿ.”

ಅನ್ನದಾನಮ್ಮ ತಲೆ ಮೇಲೆ ಸೆರಗು ಎಳೆದುಕೊಂಡರು. ಸಭೆ ನಗತೊಡಗಿತು. ನಾಗೇಂದ್ರಪ್ಪ ಎದ್ದು ನಿಂತೇ ನಕ್ಕ. “ಒಂದು ವರ್ಷ ಓದ್ಯಾರ ನೋಡ್ರಿ ನಮ್ಮ ಗೇಟು ಮಾವ. ಅರ್ಧ ಕತಿ, ಅರ್ಧ ದನ.”

ಪಕ್ಕೀರಪ್ಪ ಪುಸ್ತಕ ಕೈಗೆ ತೆಗೆದುಕೊಂಡ. ಒಂದು ವರ್ಷ ಅವನು ಹಾಕಿದ ಕೊಂಡಿಗಳೆಲ್ಲ ಒಂದೊಂದಾಗಿ ಕಳಚುತ್ತಿದ್ದವು. ಬೇವಿನ ಮರದ ಹುಡುಗ ಗೊಬ್ಬರದ ಮಾತಾಡಿರಲಿಲ್ಲ. ರಾಜ ಹಲ್ಲಿನ ಬಗ್ಗೆ ಬೋಧಿಸಿರಲಿಲ್ಲ. ಅವನಿಗೆ ಅಳು ಬಂತು, ನಿಜವಾಗಿ ಬಂತು. ಆದರೆ ಅಳುವಿಗಿಂತ ಮೊದಲು ಬಾಯಿಗೆ ಬಂದದ್ದು ಬೇರೆಯೇ ಮಾತು.

“ಹಂಗಾದ್ರ,” ಎಂದ, ಯಾರಿಗೂ ಅಲ್ಲ, ಪುಸ್ತಕಕ್ಕೇ. “ಬಾಗಲಾ ಒದ್ದಾಗ ಒಳಗ ಏನು ಕಂಡಿತ್ತು?”

ನಗು ನಿಂತಿತು. ನಿಜ, ಒಳಗೆ ಏನಿತ್ತು? ಎತ್ತು ಇರಲಿಲ್ಲವೆಂದ ಮೇಲೆ ಏನೋ ಇರಲೇಬೇಕಲ್ಲ. ಗಾಡಿಯವರು ಎಂಟು ತಿಂಗಳಿಂದ ಎತ್ತು ಉಳಿದದ್ದಕ್ಕೆ ಸಮಾಧಾನವಾಗಿದ್ದರು. ಗೌಡನನ್ನು ಕೊಂದವನು ಇನ್ನೂ ತಿರುಗಾಡುತ್ತಿದ್ದಾನೆಂದು ಅವರಿಗೆ ಈಗ ಹೊಳೆಯಿತು.

“ವಾಡೇದ ಆಳು ಅದಾನಲ್ರಿ, ಅವಂದ ಕೆಲಸ,” ಎಂದ ಎರ್ರೆಪ್ಪ.

“ಆಳು ಅವತ್ತು ಊರಾಗ ಇರಲಿಲ್ಲೋ,” ಎಂದ ಪಕ್ಕೀರಪ್ಪ.

ನಾಗೇಂದ್ರಪ್ಪ ಕುರ್ಚಿ ಮುಂದಕ್ಕೆಳೆದುಕೊಂಡ. “ಮಂಚದ ಮ್ಯಾಲಿನ ರಕ್ತ ಅಂದ್ರಲ್ಲ, ಒಣಗಿತ್ತೇನ್ರಿ ಮಾವಾರ? ನಿಮಗ ಯಾರ ಮ್ಯಾಲೆ ಅನುಮಾನ?” ಹತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಮಾವಾರ ಎಂಬ ಮಾತು ಒಂಟಿಯಾಗಿ ಹೊರಬಿದ್ದಿತ್ತು. ಅದು ಅವನಿಗೂ ತಿಳಿಯಲಿಲ್ಲ, ಪಕ್ಕೀರಪ್ಪನಿಗೂ ತಿಳಿಯಲಿಲ್ಲ. ಇಬ್ಬರ ತಲೆಯೂ ಬಾಗಿಲ ಹಿಂದೆ ಇತ್ತು.

ಸಭೆ ಎದ್ದು ಕಪಾಟಿಗೆ ನುಗ್ಗಿತು. ಆ ಲೈಬ್ರರಿಯ ಆಯುಷ್ಯದಲ್ಲಿ ಅಷ್ಟು ಜನ ಅಷ್ಟು ಪುಸ್ತಕವನ್ನು ಒಟ್ಟಿಗೆ ಮುಟ್ಟಿರಲಿಲ್ಲ. ಓದಲು ಬಾರದವರೂ ತೆರೆದು, “ಇದ್ರಾಗ ನೋಡ್ರಿ,” ಎಂದು ಪಕ್ಕದವರಿಗೆ ಕೊಟ್ಟರು. ಬೇವಿನ ಮರದ ಪ್ರೇಮಿಗಳು ಜ್ಯೋತಿಷ್ಯದ ಹಿಂದೆ ಸಿಕ್ಕರು; ಮದುವೆಯೂ ಆಗಿತ್ತು. ರಾಜ ಉಪ್ಪಿನಕಾಯಿಗಳ ಹಿಂದೆ ಯುದ್ಧ ಮಾಡುತ್ತಿದ್ದ. ಗಾಳೆಪ್ಪ, ಹೊಲಿಗೆ ಬಿಚ್ಚಬೇಡಿರೆಂದು ಎಲ್ಲರಿಗೂ ಅಡ್ಡ ಬೀಳುತ್ತಿದ್ದ. ವಜ್ರಕಾಂತ ಮಾತ್ರ ಎಲ್ಲೂ ಇರಲಿಲ್ಲ.

“ಹೊರಗ ಹೋದ ಪುಸ್ತಕ ಯಾವುವು?” ಎಂದರು ಪಾಲಾಕ್ಷಪ್ಪನವರು. ಅವರಿಗೂ ಈಗ ಓದುವ ಆಸೆ ಹುಟ್ಟಿತ್ತು, ಇಪ್ಪತ್ತು ವರ್ಷ ತಡವಾಗಿ.

ಅನ್ನದಾನಮ್ಮ ರಿಜಿಸ್ಟರು ತೆರೆದರು. “ಹೊರಗಿರೋದು ಒಂದ. ಶ್ರಾವಣದಾಗ ಹೋಗೈತಿ. ಮಂಗಳವಾರದ ವ್ರತದ ಪುಸ್ತಕ.” ಬೆರಳು ಸಾಲಿನ ಮೇಲೆ ಸರಿದು ಹೆಸರಿನ ಮೇಲೆ ನಿಂತಿತು. “ಪಕ್ಕೀರಪ್ಪ, ಇದು ನಿಮ್ಮ ಕಾರ್ಡಿನಾಗ ಐತಿ.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆ ವ್ರತದ ಪುಸ್ತಕವನ್ನು ಹೆಂಡತಿ ಕೇಳಿದಳೆಂದು ಅವನೇ ಒಯ್ದು ಕೊಟ್ಟಿದ್ದ. ಸಭೆಯ ನೂರು ತಲೆ ಒಮ್ಮೆಲೇ ಹೆಂಗಸರ ಚಾಪೆಯ ಕಡೆ ತಿರುಗಿದವು. ನಾಲ್ಕನೇ ಇಯತ್ತೆ ಓದಿದ ಬಸಲಿಂಗಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

“ಅಕ್ಕಾ, ಆ ಪುಸ್ತಕದಾಗ ವ್ರತ ಮುಗಿದ ಮ್ಯಾಲೆ ಏನೈತಿ?” ಎಂದು ನಾಗೇಂದ್ರಪ್ಪ ಕೇಳಿದ.

“ಕಡೇ ಮಂಗಳವಾರದ್ದು ಐತಿ. ಬಾಗಲದ ಅಗಳಿಗೆ ಹಿಟ್ಟು ಸವರಿ, ಮನ್ಯಾಗಿನ ಮಂದೀನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈ ನೋಡಬೇಕಂತ. ಅಮಾಸಿ ದಿನ ಎಲ್ಲಿದ್ರಿ ಅಂತ ಕೇಳಬೇಕಂತ. ನಾನು ಹಂಗ ಮಾಡೀನಿ. ನಮ್ಮತ್ತಿ, ನೈವೇದ್ಯದ ಉಂಡಿ ಕದ್ದು ತಿಂದಾಕಿ ನಾನ ಅಂತ ಒಪ್ಕೊಂಡ್ರು. ವ್ರತ ಫಲ ಕೊಡ್ತು.”

“ಬಸಲಿಂಗಿ,” ಎಂದ ಪಕ್ಕೀರಪ್ಪ. “ಬಾಗಲಾ ಒದ್ದಾಗ ಒಳಗ ಏನಿತ್ತು?”

“ಗೌಡ ಕುಂತು ಉಣ್ಣಾಕ ಹತ್ತಿದ್ದ.”

“ಯಾವ ಗೌಡ?”

“ಸತ್ತಾನ ಅಂತ ಅಳತಿದ್ರಲ್ಲ, ಅವನ. ಸತ್ತಿರಲಿಲ್ಲ. ಯಾಕ ಅಡಗಿ ಕುಂತಿದ್ದ ಅನ್ನೋದು ನಂಗ ಗೊತ್ತಿಲ್ಲ. ಯಾವನೋ ಗೌಡ, ಎಲ್ಲಿಂದ ಬಂದ, ಇವರಿಗೂ ಮಂಗಳವಾರಕ್ಕೂ ಏನು ಅಂತ ಮೂರು ತಿಂಗಳಾತು ತಲಿ ಕೆಡಿಸ್ಕೊಂಡೀನಿ.”

ಎರ್ರೆಪ್ಪ ನೆಲಕ್ಕೆ ಕೂತುಬಿಟ್ಟ. ಮೂರು ತಿಂಗಳು ಒಂದೇ ಸೂರಿನ ಕೆಳಗೆ, ಹೆಂಡತಿಯ ದೇವರ ಗೂಡಿನಲ್ಲಿ ಆ ಅರ್ಧ ಕತೆ, ಗಂಡನ ಬಾಯಲ್ಲಿ ಈ ಅರ್ಧ.

“ಮತ್ತ ನೀ ನನಗ ಹೇಳಬಾರದೇನು?” ಎಂದ ಪಕ್ಕೀರಪ್ಪ.

“ನೀವು ಕೇಳಿದ್ರೇನು?” ಬಸಲಿಂಗಮ್ಮ ಎಲೆ ಮಡಚಿದಳು. “ಗಾಡಿಯೋರಿಗೆ ಹೇಳಿದ್ರಿ. ಬಸ್ಸಿನೋರಿಗೆ ಹೇಳಿದ್ರಿ. ಹರಪನಹಳ್ಳಿಯಿಂದ ಬಂದು ಕೇಳಿ ಹೋದ್ರು. ಐವತ್ತು ಪುಸ್ತಕ ಓದಿದ್ರಿ, ಒಂದಿನನಾದ್ರೂ ನನ್ನ ಮುಂದ ಕುಂತು ಇದ್ರಾಗ ಹಿಂಗೈತಿ ನೋಡು ಅಂದ್ರೇನು?”

ಗಂಡಸರು ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ಪಕ್ಕೀರಪ್ಪ ಹಾರ ತೆಗೆದು ಮೇಜಿನ ಮೇಲಿಟ್ಟ, ಶಾಲು ಮಡಚಿ ಅಧ್ಯಕ್ಷರ ಕೈಗೆ ಕೊಟ್ಟ. ಪುಸ್ತಕ ಹಿಡಿದು ವೇದಿಕೆ ಇಳಿದ. ಗಂಡಸರ ಸಾಲು ದಾಟಿ ಹೆಂಗಸರ ಕಡೆ ಹೋದ. ಅಷ್ಟು ಜನರೆದುರು ಹೆಂಡತಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತ. ಮೊದಲ ಪುಟ ತೆರೆದ.

“ಕೇಳು,” ಎಂದ. “ಆ ಗೌಡಗ ಹಿಂದಿಲ್ಲ ಮುಂದಿಲ್ಲ, ಒಂಟಿ. ದೊಡ್ಡ ವಾಡೆ. ಅದರಾಗ ಒಬ್ಬಾಕಿ ಅಡಿಗಿ ಮಾಡಾಕಿ ಇದ್ಲು. ತುಟಿ ಪಿಟಕ್ಕನ್ನದಾಕಿ.”

“ಆಕಿ ಅಡಿಗಿಯಾಕಿ ಅಲ್ಲ,” ಎಂದಳು ಬಸಲಿಂಗಮ್ಮ. “ಅವನ ಹೆಂಡ್ತಿ. ಎಲ್ಲಾ ಆಕಿಗೆ ಗೊತ್ತಿತ್ತು. ಮುಂದ ಹೇಳ್ರಿ.”